ಬಾಗಿಲಿನ ಒಳಮೈ ಮಾತ್ರ ನಿಮ್ಮದು

ಬೆಂಗಳೂರಿನ ಮನೆ ಬ್ರೋಕರುಗಳದು ಒಂದೇ ಧರ್ಮ: ಕೇಳದೆ ಏನನ್ನೂ ಹೇಳಬಾರದು, ಕೇಳಿದರೆ ಬೇರೆಯದನ್ನು ಹೇಳಬೇಕು. ನೀರಿನ ಮಾತೆತ್ತಿದರೆ ವಾಸ್ತು, ವಾಸ್ತು ಎಂದರೆ ಮೆಟ್ರೊ. ಇವರ ಗರಡಿಯಲ್ಲಿ ಪಳಗಿದ ನಾನು ಟೋಕಿಯೊದ ಪಶ್ಚಿಮಕ್ಕಿರುವ ತಾಮಾ ನ್ಯೂ ಟೌನ್‌ನಲ್ಲಿ ಒಂದು ಹಳೇ ಫ್ಲ್ಯಾಟು ಕೊಳ್ಳಲು ಹೊರಟೆ.

ಆಸೆ ಹುಟ್ಟಿಸಿದ್ದು ಬೆಲೆ. ಆ ದುಡ್ಡಿಗೆ ನಮ್ಮ ಜಯನಗರದಲ್ಲಿ ಗೇಟು, ಹೆಚ್ಚೆಂದರೆ ನಾಯಿಗೂಡು ಬಂದೀತು. ವಿದೇಶಿಯರೂ ಅಲ್ಲಿ ಸ್ವಂತ ಹೆಸರಿಗೆ ಮನೆ ಮಾಡಿಸಿಕೊಳ್ಳಬಹುದು. ವೀಸಾ ಮಾತ್ರ ಅದರ ಜೊತೆ ಬರುವುದಿಲ್ಲ. ಮನೆಗೆ ಯಜಮಾನ, ದೇಶಕ್ಕೆ ನೆಂಟ. ನಮ್ಮ ರಿಸರ್ವ್ ಬ್ಯಾಂಕು ವರ್ಷಕ್ಕೆ ತಲಾ 2.5 ಲಕ್ಷ ಡಾಲರ್ ಹೊರಗೆ ಕಳಿಸಲು ಬಿಡುತ್ತದೆ. ನನ್ನ ತಲೆಗೆ ಅಷ್ಟು ಬೆಲೆಯಿಲ್ಲದ್ದರಿಂದ ಆ ಮಿತಿ ಅಡ್ಡ ಬರಲಿಲ್ಲ.

ಸ್ಟೇಷನ್ನಿಂದ ಹನ್ನೆರಡು ನಿಮಿಷದ ನಡಿಗೆ ಎಂದು ಜಾಹೀರಾತು. ಟೋಕಿಯೊದಲ್ಲಿರುವ ಅಕ್ಕನ ಮಗ ವಿವರಿಸಿದ: 80 ಮೀಟರಿಗೆ ಒಂದು ನಿಮಿಷ ಎಂದು ಅಲ್ಲಿ ನಿಯಮವೇ ಇದೆ, ಏರು, ಸಿಗ್ನಲ್ಲು ಲೆಕ್ಕಕ್ಕಿಲ್ಲ. ತಾಮಾ ಇರುವುದೇ ಗುಡ್ಡದ ಮೇಲೆ! 1971ರಲ್ಲಿ ಜನ ಬಂದು ನೆಲೆಸಿದ ಅಲ್ಲಿನ ಮೊದಮೊದಲ ಕಟ್ಟಡಗಳಿಗೆ ಐದಂತಸ್ತು, ಲಿಫ್ಟಿಲ್ಲ. ಮೇಲೆ ಹೋದಂತೆ ಬೆಲೆ ಕೆಳಗೆ. ನನ್ನ ಜೇಬು ಸೀದಾ ಐದನೆಯದಕ್ಕೆ ಹತ್ತಿತು. ಹತ್ತಿಳಿಯುವವರು ಬಾಡಿಗೆಯವರು ತಾನೆ ಎಂದು ಮಂಡಿಗೆ ಸಮಾಧಾನ ಹೇಳಿದೆ.

ಕರಾರಿಗೆ ಮುಂಚೆ ಲೈಸೆನ್ಸು ಪಡೆದ ಏಜೆಂಟು ತನ್ನ ಗುರುತಿನ ಚೀಟಿ ತೋರಿಸಿ, ಕೊಳ್ಳುವವನು ತಿಳಿದಿರಬೇಕಾದ್ದನ್ನೆಲ್ಲ ವಿವರಿಸಿ ಹೇಳಬೇಕೆಂಬುದು ಅಲ್ಲಿನ ಕಾನೂನು. ವಿಡಿಯೊದಲ್ಲಾದರೂ ನಡೆಯುತ್ತದೆ. ಅಲ್ಲಿ ಬೆಳಗ್ಗೆ ಹತ್ತು, ಇಲ್ಲಿ ಆರೂವರೆ. ನಾನು ಕಾಫಿ ಲೋಟ ಹಿಡಿದು ಕೂತೆ. ಆಕೆ ಒಂದಕ್ಷರ ಬಿಡದೆ ಓದಿದರು, ಅಕ್ಕನ ಮಗ ಕನ್ನಡ ಮಾಡಿದ. ಕಟ್ಟಡ 1981ರ ಜೂನ್‌ನಲ್ಲಿ ಬಂದ ಭೂಕಂಪದ ಹೊಸ ನಿಯಮಕ್ಕಿಂತ ಹಳೆಯದು. ಹಿಂದಿನ ಮಾಲೀಕ ನಿರ್ವಹಣೆಯ ಹಣ ಬಾಕಿ ಉಳಿಸಿದ್ದರೆ ಅದು ಕೊಂಡವನ ತಲೆಗೆ. ರಿಪೇರಿ ನಿಧಿಗೆ ತಿಂಗಳು ತಿಂಗಳು ಕಟ್ಟುವುದು ಮುಂದೆ ಏರಬಹುದು.

“ಒಳ್ಳೇದು ಏನೂ ಇಲ್ವೇನೋ?”

“ಅದನ್ನ ಓದ್ಬೇಕು ಅಂತ ಕಾನೂನಿಲ್ಲ ಮಾವ.”

ಮನೆಯೊಳಗೆ ಕೊಲೆಯೋ ಆತ್ಮಹತ್ಯೆಯೋ ನಡೆದಿದ್ದರೆ ಅದನ್ನೂ ಮೊದಲೇ ಹೇಳುತ್ತಾರಂತೆ. ನಮ್ಮಲ್ಲಿ ಆ ಸುದ್ದಿ ಗೃಹಪ್ರವೇಶದ ಊಟ ಮುಗಿಸಿ ಕೈ ತೊಳೆಯುತ್ತ ಪಕ್ಕದ ಮನೆಯಾಕೆ ಹೇಳಬೇಕು.

ತೆರಿಗೆಯವರ ಪ್ರಕಾರ ಕಾಂಕ್ರೀಟು ಮನೆಯ ಆಯುಷ್ಯ 47 ವರ್ಷ. ನನ್ನದು ಎಂದೋ ತೀರಿಕೊಂಡಿದೆ. ಆದರೂ ಹಳೆಯದನ್ನು ಕೊಂಡು ಬಾಡಿಗೆಗೆ ಕೊಡುವವನು 47ರ ಐದನೇ ಒಂದು ಪಾಲು, ಅಂದರೆ 9 ವರ್ಷ, ಸವಕಳಿ ಬರೆದುಕೊಳ್ಳಬಹುದು. ಮಾರ್ಕಂಡೇಯನಿಗೆ ಶಿವ ಸಿಕ್ಕಿದ, ಈ ಕಟ್ಟಡಕ್ಕೆ ಆಡಿಟರು.

ಲೋಟ ಒಯ್ಯಲು ಬಂದ ನನ್ನವಳು ಕಿವಿಗೊಟ್ಟಾಗ ಓದು ಬಾಗಿಲಿಗೆ ಬಂದಿತ್ತು. ಬಾಲ್ಕನಿ, ಕಿಟಕಿಯ ಗಾಜು ಮಾಲೀಕರ ಸಂಘದ್ದು; ಮುಂಬಾಗಿಲಿನ ಬೀಗ ಮತ್ತು ಒಳಮೈಯ ಬಣ್ಣ ನನ್ನದು, ಹೊರಮೈ ಸಂಘದ್ದು.

“ಹಾಗಾದ್ರೆ ತೋರಣ ಎಲ್ಲಿಗ್ರೀ ಕಟ್ಟೋದು?”

ಹುಡುಗ ಇದನ್ನೂ ಜಪಾನಿಗೆ ತಿರುಗಿಸಿಬಿಟ್ಟ. ಏಜೆಂಟು ನಗಲಿಲ್ಲ; ಎಲೆಗಳ ಉದ್ದ ಕೇಳಿ ಬರೆದುಕೊಂಡರು. ಕೆಲವು ದಿನಗಳ ಮೇಲೆ ಸಂಘದಿಂದ ಉತ್ತರ ಬಂತು: ಒಳಗಡೆ ಧಾರಾಳವಾಗಿ ಕಟ್ಟಬಹುದು, ಹೊರಗಡೆಯಾದರೆ ಸಭೆಯ ಮುಂದಿಡಬೇಕು. ಜೊತೆಗೊಂದು ದರಪಟ್ಟಿ. ಅಲ್ಲೇ ವಾಸವಿಲ್ಲದ ಮಾಲೀಕರು ಸಂಘದ ಕೆಲಸಕ್ಕೆ ಹೆಗಲು ಕೊಡಲಾಗದ ಬಾಬ್ತು ತಿಂಗಳಿಗೆ ಇಷ್ಟು ಕೊಡತಕ್ಕದ್ದು. ಒಸಾಕಾದ ಒಂದು ಪ್ರಕರಣದಲ್ಲಿ ತಿಂಗಳಿಗೆ 2,500 ಯೆನ್‌ನ ಇಂಥ ವಸೂಲಿಯನ್ನು 2010ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಎತ್ತಿಹಿಡಿದಿದೆ.

ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿನ ಸಭೆಗಳನ್ನು ನಾನು ಇಷ್ಟು ಕಾಲ ಸೊಂಟನೋವಿನ ಹೆಸರಿನಲ್ಲಿ ಪುಕ್ಕಟೆ ತಪ್ಪಿಸಿಕೊಂಡವನು. ಇದನ್ನು ನಮ್ಮ ಸೆಕ್ರೆಟರಿಗೆ ಯಾರೂ ಹೇಳದಿರಲಿ ಎಂದುಕೊಳ್ಳುತ್ತ, ನೋಟರಿಯ ಮುಂದೆ ಸಹಿ ಹಾಕಿದೆ.