ಹೂಂ ಅನ್ನುವವರು ಬೇಕಾಗಿದ್ದಾರೆ

ಮೀಡಿಯಾ ಸೆಂಟರ್ ಇದೆಯೇ, ಪಾಠ ರೆಕಾರ್ಡ್ ಮಾಡುವ ವ್ಯವಸ್ಥೆ ಇದೆಯೇ, ಎಡಿಟಿಂಗ್ ಸಾಫ್ಟ್‌ವೇರ್ ಇದೆಯೇ ಎಂದು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರು ಕೇಳುತ್ತಾರೆ. ಒಂದೊಂದಕ್ಕೂ ಒಂದೊಂದು ಖಾನೆ. ಅವುಗಳ ಕೀಲಿ ಯಾರ ಹತ್ತಿರ ಇರುತ್ತದೆ ಎಂಬ ಖಾನೆ ಮಾತ್ರ ಇಲ್ಲ. ಇದ್ದಿದ್ದರೆ ನಾಡಿನ ಎಷ್ಟೋ ಕಾಲೇಜುಗಳ ಗ್ರೇಡು ಇಳಿಯುತ್ತಿತ್ತು.

ಗೋಕಾಕದ ನಮ್ಮ ಕಾಲೇಜಿನಲ್ಲೂ ಅಂಥದೊಂದು ಕೋಣೆಯಿದೆ. ಮೊದಲು ಅಲ್ಲಿ ಹಳೇ ಉತ್ತರಪತ್ರಿಕೆಗಳು, ಕಾಲು ಮುರಿದ ಬೆಂಚುಗಳು ವಾಸವಾಗಿದ್ದವು. ಅವನ್ನೆಲ್ಲ ವರಾಂಡಕ್ಕೆ ದಬ್ಬಿ ಕ್ಯಾಮೆರಾ, ಟ್ರೈಪಾಡ್, ಲೈಟು, ಕಾಲರ್ ಮೈಕು, ಹಸಿರು ಪರದೆ ತಂದಿಟ್ಟರು. ಬಂದ ದಿನವೇ ಎಲ್ಲವೂ ಡೆಡ್ ಸ್ಟಾಕ್ ರಜಿಸ್ಟರಿಗೆ ಸೇರಿ, ರಜಿಸ್ಟರಿನ ಹೆಸರಿಗೆ ಕುಂದು ಬಾರದಂತೆ ಬಹಳ ದಿನ ಮಿಸುಕಾಡದೆ ಮಲಗಿದವು. ಕೀಲಿ ಸುಪರಿಂಟೆಂಡೆಂಟರ ಡ್ರಾವರಿನಲ್ಲಿ, ಡ್ರಾವರಿನ ಕೀಲಿ ಅವರ ಕಿಸೆಯಲ್ಲಿ, ಕಿಸೆ ಅವರೊಂದಿಗೆ ಟ್ರೆಜರಿಯಲ್ಲಿ. "ಸಾಹೇಬ್ರು ಟ್ರೆಜರಿಗೆ ಹೋಗ್ಯಾರ್ರೀ ಸರ" ಎಂಬ ಮಾತು ಕೇಳಿಯೇ ನಮ್ಮಲ್ಲಿ ಅರ್ಧ ಡಿಜಿಟಲ್ ಶಿಕ್ಷಣ ಮುಗಿದಿತ್ತು.

ಈ ವಿಡಿಯೋ ಪಾಠದ ಹುಚ್ಚು ಕೊರೋನಾದಿಂದ ಬಂದದ್ದು ಎಂದುಕೊಂಡವರು ಹೊಸಬರು. ಯುಜಿಸಿಯವರು 1984ರ ಆಗಸ್ಟ್ 15ರಿಂದಲೇ ದೂರದರ್ಶನದಲ್ಲಿ ಕಾಲೇಜು ಪಾಠ ತೋರಿಸತೊಡಗಿದ್ದರು. ಊಟದ ಹೊತ್ತಿಗೆ ಸೂಟು ತೊಟ್ಟವರೊಬ್ಬರು ಇಂಗ್ಲಿಷಿನಲ್ಲಿ ಪರಮಾಣುವಿನ ಬಗ್ಗೆ ಹೇಳುತ್ತಿದ್ದರು. ನಮ್ಮವ್ವ ಅವರ ಮುಖ ನೋಡಿ "ಪಾಪ, ಉಂಡಿಲ್ಲಂತ ಕಾಣತೈತಿ" ಅನ್ನುತ್ತಿದ್ದಳು. ಆಮೇಲೆ 2004ರ ಸೆಪ್ಟೆಂಬರಿನಲ್ಲಿ ಪಾಠಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಅದರ ಮೊದಲ ಪ್ರಯೋಗಗಳಲ್ಲಿ ನಮ್ಮ ಬೆಳಗಾವಿಯಲ್ಲಿ ಮುಖ್ಯ ಕಚೇರಿ ಇರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಾಠಗಳೂ ಇದ್ದವು. ಆಕಾಶಕ್ಕೆ ಹೋದ ಪಾಠ ಗೋಕಾಕದ ಬಿ.ಎ. ತರಗತಿಗೆ ಇಳಿಯಲು ಕಡೆಗೂ ಒಂದು ಮಹಾಮಾರಿಯೇ ಬರಬೇಕಾಯಿತು.

ಕೀಲಿ ಸಿಕ್ಕ ದಿನ ಮೊದಲು ಒಳಗೆ ಹೋದವರು ಅರ್ಥಶಾಸ್ತ್ರದ ಮೇಡಮ್ಮು. ಅವರದು ಹುಕ್ಕೇರಿ. ಪಾಠ ಸಹಕಾರ ತತ್ವದ ಮೇಲೆ. ಉದಾಹರಣೆಗೆ ಅವರೇನೂ ಡೆನ್ಮಾರ್ಕಿಗೆ ಹೋಗಬೇಕಿರಲಿಲ್ಲ. 1969ರಲ್ಲಿ ಶುರುವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಮನೆಯಲ್ಲೇ ಇತ್ತು: ಕರೆಂಟು ಕೊಂಡು ತಂದು ಹಳ್ಳಿ ಹಳ್ಳಿಗೆ ಹಂಚುವುದು ಸದಸ್ಯರದೇ ಸಂಘ. ಮೇಡಮ್ಮು ಹೆಮ್ಮೆಯಿಂದ ಕೈಯೆತ್ತಿ ಹೇಳಿದರು, ಚೆನ್ನಾಗಿಯೇ ಹೇಳಿದರು. ಹಿಂದಿನ ಹಸಿರು ತೆಗೆದು ಅಲ್ಲಿ ಗೋಕಾಕ ಫಾಲ್ಸ್ ಕೂರಿಸಿ ನೋಡಿದರೆ, ಅವರ ಅಂಗೈ ಒಂದು ಕಡೆ, ಮೊಳಕೈ ಒಂದು ಕಡೆ. ನಡುವಿನಿಂದ 52 ಮೀಟರು ಎತ್ತರದ ಘಟಪ್ರಭೆ ಭೋರ್ಗರೆದು ಬೀಳುತ್ತಿದ್ದಾಳೆ!

ಕಾರಣ, ಬಳೆ. ಮನುಷ್ಯನ ಚರ್ಮದಲ್ಲಿ ಹಸಿರಿಲ್ಲ, ಡಿಜಿಟಲ್ ಕ್ಯಾಮೆರಾದ ಕಣ್ಣಿಗೆ ಹಸಿರೇ ಹೆಚ್ಚು ನಿಚ್ಚಳ ಎಂದು ಪರದೆಗೆ ಆ ಬಣ್ಣ ಆರಿಸಿದ್ದಾರೆ. ಕಂಪ್ಯೂಟರು ಹಸಿರು ಕಂಡಲ್ಲೆಲ್ಲ ಅಳಿಸಿ ಹಿಂದಿನ ಚಿತ್ರವನ್ನು ಒಳಗೆ ಬಿಡುತ್ತದೆ. ಹಾಗೆ ಆರಿಸಿದ ಪುಣ್ಯಾತ್ಮರು ನಮ್ಮ ಕಡೆಯ ಮುತ್ತೈದೆಯರ ಡಜನ್ ಹಸಿರು ಬಳೆಯ ಕೈ ಎಂದೂ ನೋಡಿದವರಲ್ಲ. "ಪಾಠದ ಪೂರ್ತೇಕ ತಗದ್ರ..." ಎಂದು ಕ್ಯಾಮೆರಾ ಹಿಡಿದ ಹುಡುಗ ಬಾಯಿಬಿಟ್ಟ. "ಏನಂದಿ? ಬಳಿ ತಗದ ಪಾಠ ಮಾಡ್ಲೇನು? ನಿಮ್ಮ ಅವ್ವಗ ಹೀಂಗ ಹೇಳ್ತಿ ಏನ್ ತಮ್ಮಾ?" ಎಂದದ್ದಕ್ಕೆ ಆತ ಕ್ಯಾಮೆರಾದ ಹಿಂದೆಯೇ ಕರಗಿಹೋದ. ನೀಲಿ ಅರಿವೆ ತರುವುದೆಂದು ಠರಾವಾಯಿತು. ಅರಿವೆಗೆ ಮೂರು ಕೊಟೇಶನ್ ಬೇಕೆಂದು ಆಫೀಸು. ಪ್ಯಾಟೆಯ ಅಂಗಡಿಯವ "ಇಷ್ಟ ಅರಿವಿಗೆ ಕೊಟೇಶನ್ ಬರದ್ರ ಕಾಗದದ ರೊಕ್ಕಾನ ಜಾಸ್ತಿ ಆಕ್ಕತ್ರಿ" ಎಂದು ಅರಿವೆಯನ್ನು ಹಾಗೇ ಕೊಟ್ಟುಬಿಟ್ಟ.

ಬಳೆಯ ಸದ್ದು ಅಡಗಿದ ಮೇಲೆ ಟ್ರ್ಯಾಕ್ಟರಿನದು ಶುರುವಾಯಿತು. ಕಬ್ಬು ನುರಿಸುವ ಹಂಗಾಮಿನಲ್ಲಿ ನಮ್ಮ ರಸ್ತೆಯ ಮೇಲೆ ಎರಡೆರಡು ಟ್ರೇಲರಿನ ಟ್ರ್ಯಾಕ್ಟರುಗಳು, ಪ್ರತಿಯೊಂದರ ಮೇಲೂ ಎದೆ ನಡುಗಿಸುವ ಸ್ಪೀಕರು. ಅರ್ಥಶಾಸ್ತ್ರದ ಬೇಡಿಕೆಯ ನಿಯಮದ ನಡುವೆ ಅತ್ತೆಮಗಳ ಮೇಲಿನ ಜನಪದ ಹಾಡು ನುಗ್ಗಿ, ಬೇಡಿಕೆಗೆ ಬೇರೆಯೇ ಅರ್ಥ ಬರುತ್ತಿತ್ತು. ಅದು ಸಾಲದೆ ಕೋಣೆಯ ಮೇಲೆ ಕಾಂಕ್ರೀಟಿನ ಸ್ಲ್ಯಾಬು, ಕೆಳಗೆ ಶಹಾಬಾದ ಕಲ್ಲು. ಆಡಿದ ಮಾತು ಗೋಡೆಯಿಂದ ಗೋಡೆಗೆ ಬಡಿದು ಎರಡೆರಡು ಸಲ ಕೇಳಿಸುತ್ತಿತ್ತು. ಗೋಡೆಗೆ ಫೋಮು ಹಚ್ಚಬೇಕು ಎಂದರು ತಿಳಿದವರು. ನಮ್ಮ ಸಿಪಾಯಿ ಕಾಕಾ ಮನೆಯಿಂದ ಕರಿ ಕಂಬಳಿಗಳನ್ನು ತಂದು ಮೊಳೆ ಹೊಡೆದು ಗೋಡೆ ತುಂಬ ಇಳಿಬಿಟ್ಟರು. ದಪ್ಪ ಉಣ್ಣೆ ಸದ್ದನ್ನು ಕುಡಿದುಬಿಡುತ್ತದೆ. ಪ್ರತಿಧ್ವನಿ ನಿಂತಿತು. ಒಳಗೆ ಹೋದರೆ ಈಗ ಸ್ವಲ್ಪ ಕುರಿಹಟ್ಟಿಯ ವಾಸನೆ, ಅಷ್ಟೇ. ವಿಡಿಯೋದಲ್ಲಿ ವಾಸನೆ ಬರುವುದಿಲ್ಲವಲ್ಲ. ಉಳಿದ ಕಂಬಳಿಯ ತುಂಡನ್ನು ಹುಡುಗರು ಮೈಕಿಗೆ ಕುಲಾವಿ ಮಾಡಿ ತೊಡಿಸಿ, ಫಾಲ್ಸಿನ ತೂಗುಸೇತುವೆಯ ಗಾಳಿಯಲ್ಲೂ ಮಾತು ಹಿಡಿದು ತಂದರು.

ಎಡಿಟಿಂಗ್ ಮಾಡುವವನು ಮೂಡಲಗಿ ಕಡೆಯ ಹುಡುಗ. ನಮ್ಮಲ್ಲಿ ಬಿ.ಎ. ಓದುತ್ತಾನೆ, ಉಳಿದ ಹೊತ್ತು ಮದುವೆ ವಿಡಿಯೋ ಮಾಡುತ್ತಾನೆ. ಆತನ ಡ್ರೋನು ನಮ್ಮ ಕಾಲೇಜಿನ ಆಸ್ತಿಗಿಂತ ತುಟ್ಟಿ. ಬಲು ಚುರುಕು, ಆದರೆ ಸಾಫ್ಟ್‌ವೇರಿನ ತುಂಬ ಇರುವುದೆಲ್ಲ ಮದುವೆ. ನಮ್ಮ ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರ ಮೇಲೆ ನಾನೊಂದು ಪಾಠ ಮಾಡಿದೆ. ಬಂಡಾಯದ ಮನುಷ್ಯ, ಜೈಲು ಕಂಡವರು. ವಿಡಿಯೋದಲ್ಲಿ ಶಹನಾಯಿ ಮೊಳಗಿತು, 'ಜ್ವಾಲಾಮುಖಿಯ ಮೇಲೆ' ಎಂಬ ಕಾದಂಬರಿಯ ಹೆಸರು ಎರಡು ಹೃದಯಗಳ ನಡುವಿನಿಂದ ತೇಲಿಬಂತು, ಮೇಲೆ ಗುಲಾಬಿ ಪಕಳೆಗಳ ಮಳೆ. "ಚಂದ ಕಾಣ್ತೈತ್ರಿ ಸರ" ಎಂದ. ಚಂದವೇನೋ ಕಾಣುತ್ತಿತ್ತು.

ಇಷ್ಟೆಲ್ಲ ಆದರೂ ಒಂದು ರೋಗಕ್ಕೆ ಮದ್ದಿರಲಿಲ್ಲ. ತರಗತಿಯಲ್ಲಿ ಹಿಂದಿನ ಬೆಂಚಿನವನ ನಿದ್ದೆ ಹಾರುವಂತೆ ಗುಡುಗುವ ನಮ್ಮ ಮಾಸ್ತರರು, ಕ್ಯಾಮೆರಾದ ಕೆಂಪು ದೀಪ ಹತ್ತಿತೆಂದರೆ ಪಂಚಾಂಗ ಓದುವ ದನಿಗೆ ಇಳಿಯುತ್ತಿದ್ದರು. "ಆತ್ಮೀಯ ವಿದ್ಯಾರ್ಥಿ ಮಿತ್ರರೇ" ಎಂದು ಕಣ್ಣು ಪಿಳಿಪಿಳಿ. ಬಾಯಲ್ಲಿನ ಗೋಕಾಕವೆಲ್ಲ ಸೋರಿಹೋಗಿ, ಒಣ ಪುಸ್ತಕದ ಕನ್ನಡ ಉಳಿಯುತ್ತಿತ್ತು.

ಮದ್ದು ಕೊಟ್ಟವರೂ ಸಿಪಾಯಿ ಕಾಕಾನೇ. ಅವರು ಕುಲಗೋಡ ಕಡೆಯವರು. ಶ್ರೀಕೃಷ್ಣ ಪಾರಿಜಾತವನ್ನು ತಿದ್ದಿ ತೀಡಿ ಈ ಸೀಮೆಯ ಆಟವಾಗಿಸಿದ ತಮ್ಮಣ್ಣನ ಊರು ಅದು. ಪಾರಿಜಾತಕ್ಕೆ ಹೆಸರಾದ ನಿಂಗಮ್ಮನ ಕೌಜಲಗಿಯೂ ಇದೇ ಸೀಮೆಯದು. ಬೆಳತನಕ ಆಟ ನೋಡಿ ಬೆಳೆದ ಕಾಕಾ ಹೇಳಿದರು: "ಸರ, ದೂತಿ ಒಬ್ಬಾಕೀನ ಮಾತಾಡಿದ್ರ ಆಟ ಹ್ಯಾಂಗ ಏರತೈತ್ರಿ? ಭಾಗವತ ನಡನಡುವ ಕೆಣಕಬೇಕು, ಹೌದು ಅನಬೇಕು, ಅಲ್ಲ ಅನಬೇಕು. ಇಲ್ಲಿ ನಿಮ್ಮ ಮುಂದ ಐತೇನು? ಒಂದು ಗಾಜು."

ಅಂದಿನಿಂದ ಕಾಕಾ ಕ್ಯಾಮೆರಾದ ಪಕ್ಕ ಸ್ಟೂಲು ಹಾಕಿಕೊಂಡು ಕೂಡುತ್ತಾರೆ, ಹೂಂ ಅನ್ನುತ್ತಾರೆ. ಮಾಸ್ತರರ ದನಿ ತನ್ನಷ್ಟಕ್ಕೆ ಏರಿತು, ಕೈ ಬೀಸತೊಡಗಿತು. ಹೂಂಗಳೂ ರೆಕಾರ್ಡಾಗುತ್ತವೆ, ಮೂಡಲಗಿಯ ಹುಡುಗ ಅವನ್ನು ಕತ್ತರಿಸಿ ಕತ್ತರಿಸಿ ಬೇಸತ್ತು ಈಗ ಹಾಗೇ ಬಿಡುತ್ತಾನೆ. 2010ರಿಂದ ನಮ್ಮನ್ನು ಆಳುವ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಯಾವ ಪಠ್ಯಕ್ರಮದಲ್ಲೂ ಇಲ್ಲದ ಹುದ್ದೆ, ಈ ಹೂಂ ಅನ್ನುವುದು. ಮಂಜೂರು ಮಾಡಿ ಎಂದು ಪ್ರಿನ್ಸಿಪಾಲರಿಗೆ ಬರೆದೆವು. ಖರ್ಚು ಯಾವ ಲೆಕ್ಕಶೀರ್ಷಿಕೆಯಲ್ಲಿ ಎಂಬ ಟಿಪ್ಪಣಿಯೊಂದಿಗೆ ಫೈಲು ವಾಪಸಾಗಿದೆ.

ಕಷ್ಟವೆಂದರೆ, ಕಾಕಾ ತಿಳಿಯದೆ ಹೂಂ ಅನ್ನುವವರಲ್ಲ. "ತಿಳೀಲಿಲ್ರಿ ಮೇಡಮ್ಮಾರ, ಮತ್ತೊಮ್ಮೆ ಹೇಳ್ರಿ" ಎಂದು ಪಾಠ ನಿಲ್ಲಿಸುತ್ತಾರೆ. ಸದ್ಯ ಅರ್ಥಶಾಸ್ತ್ರ ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮದಲ್ಲಿ ಸಿಕ್ಕಿಕೊಂಡಿದೆ. ಒಂದೇ ಪದಾರ್ಥವನ್ನು ಮೇಲಿಂದ ಮೇಲೆ ತಿಂದರೆ ಪ್ರತಿ ತುಂಡಿನಿಂದ ಸಿಗುವ ತೃಪ್ತಿ ಕಡಿಮೆಯಾಗುತ್ತ ಹೋಗುತ್ತದೆ ಎಂದು ಮೇಡಮ್ಮು ಕರದಂಟಿನ ಉದಾಹರಣೆ ಕೊಟ್ಟರು. ಕಾಕಾ ಒಪ್ಪಲಿಲ್ಲ. "ನಮ್ಮ ಗೋಕಾಕದ ಕರದಂಟಿಗೆ ಅದು ಹತ್ತೂದಿಲ್ರಿ. ಬೇಕಾದ್ರ ತರಸ್ರಿ, ಕ್ಯಾಮೆರಾದ ಮುಂದ ತಿಂದು ತೋರಸ್ತೀನಿ."