ಕ್ರೋಸ್ಟಿನಿರಾಯರು

ಕ್ರೋಸ್ಟಿನಿರಾಯರ ಮೇಲೆ ನೆಂಟರಿಷ್ಟರು ಹೊರಿಸುವ ಆರೋಪ ಒಂದೇ: ಅವರಿಗೆ ಇಟಲಿಯ ಹುಚ್ಚು ಹಿಡಿದಿದೆ. ಪರಿಶೀಲಿಸಿದರೆ ಈ ಆರೋಪ ನಿಲ್ಲುವುದಿಲ್ಲ. ರಾಯರಿಗೆ ಇಟಲಿ ಹಿಡಿದದ್ದು ಸಾಲದು ಎಂಬುದೇ ನನ್ನ ತಕರಾರು.

ರಾಯರನ್ನು ನೀವೂ ಬಲ್ಲಿರಿ. ಬೆಂಗಳೂರಿನ ಅಪಾರ್ಟ್‌ಮೆಂಟಿಗೊಬ್ಬರಂತೆ ಹಂಚಿಕೆಯಾಗಿದ್ದಾರೆ. ನಲವತ್ತರ ಆಸುಪಾಸು, ಕೈತುಂಬ ಸಂಬಳ, ಅಡುಗೆಮನೆಗೆ ವಾರಾಂತ್ಯದಲ್ಲಿ ಮಾತ್ರ ಪ್ರವೇಶ. ಏಪ್ರನ್ ಇಲ್ಲದೆ ಒಳಗೆ ಕಾಲಿಡುವುದಿಲ್ಲ. ಆ ಏಪ್ರನ್ನಿನ ಮೇಲೆ ಅರಿಸಿನದ ಕಲೆ ಕಂಡವರಿಲ್ಲ. ಬಗೆಟ್ ಬ್ರೆಡ್ಡನ್ನು ಓರೆಯಾಗಿ ಅರ್ಧ ಇಂಚಿನ ಬಿಲ್ಲೆಗಳಾಗಿ ಕೊಯ್ದು, ಬೆಳ್ಳುಳ್ಳಿ ಕಲಸಿದ ಬೆಣ್ಣೆ ಸವರಿ, 190 ಡಿಗ್ರಿಗೆ ಕಾದ ಓವನ್ನಿನಲ್ಲಿ 8–10 ನಿಮಿಷ ಇಟ್ಟರೆ ಮುಗಿಯುವ ಕೆಲಸ ಕ್ರೋಸ್ಟಿನಿ. ರಾಯರಿಗೆ ಇಡೀ ಸಂಜೆ ಬೇಕು. ಉಪ್ಪಿಲ್ಲದ ಬೆಣ್ಣೆಯನ್ನೇ ಹುಡುಕಿ ತರಬೇಕು, ತಂದು ಅದಕ್ಕೆ ಉಪ್ಪು ಹಾಕಬೇಕು. ಬೆಣ್ಣೆ ಕರಗಿರಬಾರದು, ಗಟ್ಟಿಯೂ ಇರಬಾರದು. ಅದು ಹದಕ್ಕೆ ಬರುವವರೆಗೆ ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ಕೂರಬೇಕು. ಜಜ್ಜಿದ ಬೆಳ್ಳುಳ್ಳಿಯನ್ನು ಹತ್ತು ನಿಮಿಷ ಯಾರೂ ಮುಟ್ಟುವಂತಿಲ್ಲ, ಅದರೊಳಗೆ ಅಲಿಸಿನ್ ಎಂಬ ಘಾಟಿನ ಅಂಶ ಹುಟ್ಟುತ್ತಿದೆ. ಹೀಗೆ ಮುದ್ದಿನಿಂದ ಬೆಳೆಸಿದ ಅಲಿಸಿನ್ ಓವನ್ನಿನ ಶಾಖಕ್ಕೆ ಬಹುಪಾಲು ನಾಶವಾಗುತ್ತದೆ ಎಂದು ರಾಯರಿಗೆ ಹೇಳುವ ಎದೆಗಾರಿಕೆ ಯಾರಿಗೂ ಇಲ್ಲ. ನಡುನಡುವೆ ಉಪನ್ಯಾಸ: ಬ್ರುಸ್ಕೆಟ್ಟಾ ಬೇರೆ, ಕ್ರೋಸ್ಟಿನಿ ಬೇರೆ, ಅದು ದಪ್ಪ, ದೊಡ್ಡದು, ಇದು ತೆಳು, ಚಿಕ್ಕದು. ತಟ್ಟೆಗೆ ಬಂದಿದ್ದರೆ ಹಸಿದವರಿಗೆ ಈ ವ್ಯತ್ಯಾಸ ತಾನಾಗಿಯೇ ತಿಳಿಯುತ್ತಿತ್ತು.

ಈಗ ಇಟಲಿಗೆ ಬರೋಣ. ರಾಯರು ಮಾತೆತ್ತಿದರೆ ಪ್ರಮಾಣವಾಗಿ ತರುವ ಟಸ್ಕನಿಯನ್ನೇ ಸಾಕ್ಷಿಗೆ ಕರೆದರಾಯಿತು. ಅಲ್ಲಿನ ಸಾಂಪ್ರದಾಯಿಕ ಬ್ರೆಡ್ಡಿಗೆ ಉಪ್ಪೇ ಇಲ್ಲ. ಅಲ್ಲಿನ ಕ್ರೋಸ್ಟಿನಿಗಳಲ್ಲಿ ಹೆಸರುವಾಸಿಯಾದದ್ದು ಕೋಳಿಯ ಲಿವರ್ ಅರೆದು ಸವರಿದ್ದು. ಈ ಸಂಗತಿ ಬಂದಾಗ ಸಸ್ಯಾಹಾರಿ ರಾಯರು ಮಾತು ತಿರುಗಿಸುತ್ತಾರೆ. ಬೆಳ್ಳುಳ್ಳಿ ಬೇಕೆನಿಸಿದರೆ ಅಲ್ಲಿಯವರು ಸುಟ್ಟ ಬ್ರೆಡ್ಡಿನ ಬಿಸಿ ಮೈಗೆ ಹಸಿ ಎಸಳನ್ನೇ ಉಜ್ಜಿ ಆಲಿವ್ ಎಣ್ಣೆ ಸುರಿಯುತ್ತಾರೆ. ಬೆಣ್ಣೆ ಹೆಚ್ಚಾಗಿ ಉತ್ತರ ಇಟಲಿಯ ಅಡುಗೆಯದು. ಬ್ರೆಡ್ಡಿನ ಮೇಲೆ ಬೆಣ್ಣೆ–ಬೆಳ್ಳುಳ್ಳಿಯ ಜೋಡಿ ಮೆರೆದದ್ದು ಅಮೆರಿಕಕ್ಕೆ ವಲಸೆ ಹೋದ ಇಟಾಲಿಯನ್ನರ ಊಟದ ಮೇಜಿನಲ್ಲಿ. ಬಗೆಟ್ ಅಂತೂ ಫ್ರಾನ್ಸಿನದು. ಈ ಕಲಬೆರಕೆಯನ್ನು ಮನ್ನಿಸಬಹುದು. ಮನ್ನಿಸಲಾಗದ್ದು ಬೇರೆ ಇದೆ. ಟಸ್ಕನಿಯ ರೈತರ ಮನೆಯಲ್ಲಿ ದಿನದಿನವೂ ಬ್ರೆಡ್ ಮಾಡುತ್ತಿರಲಿಲ್ಲ. ಒಮ್ಮೆ ಮಾಡಿದ್ದನ್ನು ಕಲ್ಲಾಗುವವರೆಗೂ ಉಣ್ಣಬೇಕು, ಕಲ್ಲಾದ ಮೇಲೂ ಉಣ್ಣಬೇಕು. ಸಾರಿನಲ್ಲಿ ಬೇಯಿಸಿದರೆ ರಿಬೊಲ್ಲಿತಾ, ಟೊಮೆಟೊದಲ್ಲಿ ಬೇಯಿಸಿದರೆ ಪಪ್ಪಾ ಅಲ್ ಪೊಮೊದೊರೊ, ನೀರಲ್ಲಿ ನೆನೆಸಿ ಹಿಂಡಿ ಈರುಳ್ಳಿಯ ಜೊತೆ ಕಲಸಿದರೆ ಪಾನ್ಜನೆಲ್ಲಾ. ಸುಟ್ಟು ಏನಾದರೂ ಸವರಿದ ತುಂಡೂ ಅದೇ ಕುಟುಂಬದ್ದು. ನಮ್ಮ ರಾಯರು ಮಾಡುವುದೇನು? ನಿನ್ನೆಯ ಬ್ರೆಡ್ಡಾದರೆ ಗರಿಗರಿ ಬರುತ್ತದೆ ಎಂದು ಓದಿ, ಶನಿವಾರವೇ ದುಬಾರಿ ಬೇಕರಿಗೆ ಹೋಗಿ, ಆಗತಾನೇ ಇಳಿದ ಬಗೆಟ್ಟನ್ನು ಬೆರಳಿಂದ ತಟ್ಟಿ ಸದ್ದು ಕೇಳಿ ಕೊಂಡು, ಭಾನುವಾರದವರೆಗೆ ಒಣಗಲು ಇಡುತ್ತಾರೆ. ಬಡವನಿಗೆ ಪುಕ್ಕಟೆ ಸಿಗುತ್ತಿದ್ದ ನಿನ್ನೆಯನ್ನು ಇವರು ಕಾರ್ಡು ಉಜ್ಜಿ ತರುತ್ತಾರೆ. ಅದೇ ಹೊತ್ತಿಗೆ ಅವರದೇ ಫ್ರಿಜ್ಜಿನಲ್ಲಿ ಅರ್ಧ ಪ್ಯಾಕೆಟ್ ಮಿಲ್ಕ್ ಬ್ರೆಡ್ ತನ್ನಷ್ಟಕ್ಕೆ ಒರಟಾಗುತ್ತಿರುತ್ತದೆ. ತಂಪಿನಲ್ಲಿ ಬ್ರೆಡ್ಡಿನ ಪಿಷ್ಟ ಬೇಗ ಮತ್ತೆ ಹರಳುಗಟ್ಟುವುದರಿಂದ, ಅರ್ಹತೆಯ ಲೆಕ್ಕದಲ್ಲಿ ಕ್ರೋಸ್ಟಿನಿಯಾಗಬೇಕಾದದ್ದು ಅದೇ. ರಾಯರ ಕಣ್ಣಿಗೆ ಅದು ಬೀಳುವುದಿಲ್ಲ.

ರಾಯರ ಪರವಾಗಿ ಹೇಳುವವರೂ ಇದ್ದಾರೆ. ಗಂಡಸು ಅಡುಗೆಮನೆಗೆ ಹೋದನಲ್ಲ, ಅದನ್ನಾದರೂ ಮೆಚ್ಚಬಾರದೆ ಎನ್ನುತ್ತಾರೆ. ಮೆಚ್ಚಬಹುದು, ಆದರೆ ಬೆಣ್ಣೆ ಹತ್ತಿದ ಟ್ರೇ, ಎರಡು ಬಟ್ಟಲು, ಮೂರು ಚಮಚ, ಬೆಳ್ಳುಳ್ಳಿ ಸಿಕ್ಕಿಕೊಂಡ ತುರಿಯುವ ಮಣೆ, ಇವನ್ನೆಲ್ಲ ತೊಳೆದವರು ಯಾರು ಎಂದು ತಿಳಿದ ಮೇಲೆ ಮೆಚ್ಚುಗೆಯನ್ನು ಯಾರಿಗೆ ಒಪ್ಪಿಸಬೇಕೋ ಅವರಿಗೇ ಒಪ್ಪಿಸುವುದು ನ್ಯಾಯ. ಹೊರಗಿನಿಂದ ಬಂದ ತಿನಿಸೆಂದು ಹಂಗಿಸುವುದು ಸಣ್ಣತನ, ಮೆಣಸಿನಕಾಯಿಯೂ ಹೊರಗಿನದೇ ಎಂಬುದು ಇನ್ನೊಂದು ವಾದ. ಒಪ್ಪಿದೆ. ಮೆಣಸಿನಕಾಯಿ ಅಮೆರಿಕದ್ದು, ಪೋರ್ಚುಗೀಸರ ಕೈಯಿಂದ ಬಂದದ್ದು. ಆದರೆ ಅದು ಸದ್ದಿಲ್ಲದೆ ಹುಳಿಗೆ ಬಿದ್ದು ಬ್ಯಾಡಗಿಯಾಯಿತು, ಉಣ್ಣುವವರನ್ನು ಕೂರಿಸಿಕೊಂಡು ತನ್ನ ಪೂರ್ವೋತ್ತರ ಹೇಳಲಿಲ್ಲ. ರುಚಿ ಚೆನ್ನಾಗಿದೆಯಲ್ಲ ಎಂಬ ಮೂರನೆಯ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಚೆನ್ನಾಗಿಯೇ ಇರುತ್ತದೆ. ಬೆಣ್ಣೆ ಸವರಿ ಕಾಯಿಸಿದ್ದು ಕೆಟ್ಟ ಉದಾಹರಣೆ ಬೆಣ್ಣೆ ದೋಸೆಯ ದಾವಣಗೆರೆಯವರನ್ನು ಕೇಳಿದರೂ ಸಿಗಲಿಕ್ಕಿಲ್ಲ.

ಆದರೂ ಆ ಮನೆಯಲ್ಲಿ ಟಸ್ಕನಿ ಇಲ್ಲವೆಂದು ಯಾರೂ ತಿಳಿಯಬಾರದು. ರಾಯರು ಆಕಾರ ಸರಿಯಿಲ್ಲವೆಂದು ಬದಿಗೆ ತಳ್ಳಿದ ಬಗೆಟ್ಟಿನ ಎರಡು ತುದಿ, ಫ್ರಿಜ್ಜಿನ ಆ ಅರ್ಧ ಪ್ಯಾಕೆಟ್, ಬಟ್ಟಲಿನ ತಳಕ್ಕಂಟಿದ ಬೆಳ್ಳುಳ್ಳಿ ಬೆಣ್ಣೆ, ಇವಿಷ್ಟೂ ಸೋಮವಾರ ಬೆಳಗ್ಗೆ ರಾಯರ ತಾಯಿಯ ಕೈ ಸೇರುತ್ತವೆ. ಅವರು ಬ್ರೆಡ್ಡನ್ನು ಚೂರು ಮಾಡಿ, ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟು, ನೀರು ಚಿಮುಕಿಸಿ, ನಿಂಬೆಹಣ್ಣು ಹಿಂಡಿ ಬ್ರೆಡ್ ಉಪ್ಪಿಟ್ಟು ಮಾಡುತ್ತಾರೆ. ಗಡಿಯಾರ ನೋಡುವುದಿಲ್ಲ, ಪ್ರದೇಶದ ಹೆಸರು ಹೇಳುವುದಿಲ್ಲ, ಒಂದು ಚೂರೂ ಕಸಕ್ಕೆ ಹೋಗುವುದಿಲ್ಲ. ಪಾನ್ಜನೆಲ್ಲಾ ಕಲಸುವ ರೈತಗಿತ್ತಿ ಆ ಬಾಣಲೆಯನ್ನು ಕಂಡಿದ್ದರೆ ಪರಿಚಯದ ಅಗತ್ಯವಿಲ್ಲದೆ ಪಕ್ಕದಲ್ಲಿ ನಿಂತು ಈರುಳ್ಳಿ ಹೆಚ್ಚಿಕೊಡುತ್ತಿದ್ದಳು. ರಾಯರು ಎರಡನೇ ಸಲ ಹಾಕಿಸಿಕೊಂಡು ತಿಂದು, ಮುಂದಿನ ಸಲ ಸ್ವಲ್ಪ ಪಾರ್ಸ್ಲಿ ಉದುರಿಸಿದರೆ ಇದಕ್ಕೊಂದು ಲಕ್ಷಣ ಬರುತ್ತದೆ ಎಂದು ಸಲಹೆ ಕೊಟ್ಟು ಆಫೀಸಿಗೆ ಹೊರಡುತ್ತಾರೆ.