ನಾನು ಕೆಟ್ಟಿಲ್ಲ, ನಿಂತಿದ್ದೇನೆ ಅಷ್ಟೇ

ನಾಸಿಕ್ ಪಕ್ಕದ ಓಝರ್‌ನಲ್ಲಿ 1964ರಿಂದ ಎಚ್‌ಎಎಲ್ ಕಾರ್ಖಾನೆ ಇದೆ. ಅದರ ನೆಪದಲ್ಲಿ ಬೆಂಗಳೂರಿನಿಂದ ವರ್ಗವಾಗಿ ಬಂದು ನೆಲೆಸಿದ ಕನ್ನಡದ ಮನೆಗಳೂ ಇವೆ. ಅಂಥದ್ದೊಂದು ಮನೆಯ ಬಚ್ಚಲಲ್ಲಿ ತೂಗುತ್ತಿರುವ ಗ್ಯಾಸ್ ಗೀಸರನ್ನು ಮಾತಾಡಿಸಲು ಹೋದಾಗ ಬೆಳಗಿನ ಆರು ಗಂಟೆ. ನಿಫಾಡದ ಬೆಳೆಗಾರರು ದ್ರಾಕ್ಷಿ ತೋಟದಲ್ಲಿ ರಾತ್ರಿಯೆಲ್ಲ ಬೆಂಕಿ ಹಾಕಿ ಬಳ್ಳಿ ಕಾಯುವಂಥ ಚಳಿ.

ನಾವು: ನೀವು ಕೆಟ್ಟಿದ್ದೀರಿ ಅಂತ ಮನೆಯವರ ದೂರು.

ಗೀಸರ್: ಯಾವಾಗ ಅಂದ್ರು? ತಲೆಗೆ ಸೋಪು ಹಚ್ಚಿಕೊಂಡ ಮೇಲಾ? ಆ ಹೊತ್ತಲ್ಲಿ ಆಡಿದ ಮಾತನ್ನ ನಾನು ಲೆಕ್ಕಕ್ಕೆ ತಗೊಳ್ಳಲ್ಲ.

ನಾವು: ಹಾಗಾದರೆ ರೋಗ ಏನು?

ಗೀಸರ್: ನನ್ನ ಕೆಳಗಿನ ಡಬ್ಬಿಯಲ್ಲಿ ಒಂದೂವರೆ ವೋಲ್ಟಿನ ಎರಡು ದಪ್ಪ ಸೆಲ್ ಇವೆ. ನಲ್ಲಿ ತಿರುಗಿಸಿದಾಗ ನೀರು ನುಗ್ಗಿ ರಬ್ಬರ್ ಡಯಾಫ್ರಾಮ್ ಉಬ್ಬಬೇಕು, ಅದು ಸಣ್ಣ ಸ್ವಿಚ್ ಒತ್ತಬೇಕು, ಆಮೇಲೆ ಟಿಕ್ ಟಿಕ್ ಅಂತ ಕಿಡಿ, ಗ್ಯಾಸ್, ಉರಿ. ಟಿಕ್ ಟಿಕ್ಕೇ ಇಲ್ಲ ಅಂದ್ರೆ ಸೆಲ್ ಸತ್ತಿದೆ, ಇಲ್ಲವೇ ನೀರಿಗೆ ರಭಸ ಇಲ್ಲ. ಟಿಕ್ ಟಿಕ್ ಇದ್ದೂ ಹೊತ್ತಲಿಲ್ಲ ಅಂದ್ರೆ ಮೊದಲು ಸಿಲಿಂಡರ್ ನೋಡಿ. ಹೊತ್ತಿದ್ದು ತಕ್ಷಣ ಆರಿದರೆ ಉರಿ ಇದೆಯೋ ಇಲ್ಲವೋ ಅಂತ ಕಾಯೋ ಕಡ್ಡಿಗೆ ಮಸಿ ಹಿಡಿದಿರಬಹುದು. ನಮ್ಮ ಮನೆ ಯಜಮಾನರು ರಾಯರದು ಸುಖೋಯ್ ವಿಮಾನ ಜೋಡಿಸೋ ಕೈ. ಆ ಕೈ ಮೊದಲು ಮಾಡಿದ್ದು ನನ್ನ ಕೆನ್ನೆಗೆ ಹೊಡೆಯೋ ಕೆಲಸ. ಆಮೇಲೆ ಅಟ್ಟದ ಮೇಲಿದ್ದ ಹಳೇ ಟಾರ್ಚಿಂದ ಎರಡು ಸೆಲ್ ತಂದು ಹಾಕಿದರು. ಆ ಟಾರ್ಚ್ ಯಾಕೆ ಅಟ್ಟ ಸೇರಿತ್ತು ಅಂತ ಯಾರೂ ಕೇಳಲಿಲ್ಲ.

ನಾವು: ಶಿಕಾಗೋದಲ್ಲಿರುವ ರಾಯರ ಮಗ ಹೊಸ ಥರ್ಮೋಸ್ಟಾಟ್ ಹಾಕಿಸಿ ಅಂದನಂತೆ?

ಗೀಸರ್: ನನಗೆ ಥರ್ಮೋಸ್ಟಾಟೇ ಇಲ್ಲ! ಅದು ಇರೋದು ಅವನ ನೆಲಮಾಳಿಗೆಯಲ್ಲಿರೋ ನಮ್ಮ ದೊಡ್ಡಪ್ಪ, ಗ್ಯಾಸ್ ಫರ್ನೇಸ್‌ಗೆ. ಇಡೀ ಮನೆ ಬೆಚ್ಚಗಿಡೋ ಯಜಮಾನ, ಆದರೆ ಗೋಡೆ ಮೇಲಿನ ಥರ್ಮೋಸ್ಟಾಟ್ ಕಡೆಯಿಂದ 24 ವೋಲ್ಟಿನ ಅಪ್ಪಣೆ ಬರದೆ ಕದಲಲ್ಲ. ಹೋದ ವರ್ಷ ಹಿಮದಲ್ಲಿ ನಿಂತೇಬಿಟ್ಟನಂತೆ. ಮೆಕ್ಯಾನಿಕ್ ಬಂದು ಥರ್ಮೋಸ್ಟಾಟಿನ ಎರಡು ಸೆಲ್ ಬದಲಿಸಿ, ಡಾಲರ್ ಲೆಕ್ಕದಲ್ಲಿ ಬಿಲ್ ಕೊಟ್ಟು ಹೋದ.

(ಅಷ್ಟರಲ್ಲಿ ಛತ್ರಪತಿ ಸಂಭಾಜಿನಗರದಲ್ಲಿರುವ ರಾಯರ ತಮ್ಮನ ಮನೆಯಿಂದ ವಿಡಿಯೊ ಕರೆ. ಅಲ್ಲಿಯ ಕರೆಂಟ್ ಗೀಸರ್ ನಡುವೆ ಬಾಯಿ ಹಾಕಿತು.)

ಕರೆಂಟ್ ಗೀಸರ್: ಅಣ್ಣಾ, ನಿನ್ನ ಗೋಳು ಸೆಲ್ಲಿಗೆ ಮುಗೀತು. ಇಲ್ಲಿ ನಲ್ಲಿ ನೀರು ದಿನಗಟ್ಟಲೆ ಬರಲ್ಲ. ಟ್ಯಾಂಕರಿನ ಗಡಸು ನೀರು ಕುಡಿದು ನನ್ನ ಕಾಯಿಲ್ ಮೇಲೆ ಬೆರಳು ದಪ್ಪ ಸುಣ್ಣ ಕಟ್ಟಿದೆ. ಥರ್ಮೋಸ್ಟಾಟು 'ಕಾದದ್ದು ಸಾಕು' ಅಂತ ಕರೆಂಟ್ ಕಡಿಯೋದು. ಅದು ಕೈಕೊಟ್ಟರೆ ಇರಲಿ ಅಂತ ಮೇಲೊಂದು ಕಟೌಟ್. ಕಟೌಟ್ ಪದೇಪದೇ ಟ್ರಿಪ್ ಆಯ್ತು ಅಂತ ಎಲೆಕ್ಟ್ರಿಷಿಯನ್ ಕರೆಸಿ ಎರಡನ್ನೂ 'ಡೈರೆಕ್ಟ್' ಮಾಡಿಸಿದರು. ವೈರು ತಿರುಚಿ, ಕಪ್ಪು ಟೇಪು ಸುತ್ತಿ, ಚಹಾ ಕುಡಿದು ಹೋದ. ಈಗ ನನಗೆ ಸಾಕು ಅನ್ನೋರೇ ಇಲ್ಲ.

ನಾವು: ಪ್ಲಗ್ಗಾದರೂ ಸರಿಯಿದೆಯೇ?

ಕರೆಂಟ್ ಗೀಸರ್: ನಾನು 2000 ವಾಟಿನವನು, ಹೆಚ್ಚುಕಡಿಮೆ 9 ಆಂಪಿಯರ್ ಎಳೀತೀನಿ. ಚುಚ್ಚಿರೋದು 6 ಆಂಪಿಯರಿನ ಸಾಕೆಟ್ಟಿಗೆ, ನಡುವೆ ಅಡಾಪ್ಟರ್ ಇಟ್ಟು. ಒಂದು ತೂತು ಕರಗಿ ಕಪ್ಪಾಗಿ ಸೊಟ್ಟ ಆಗಿದೆ. ಸುಟ್ಟ ವಾಸನೆ ಬಂತು ಅಂತ ಊದುಬತ್ತಿ ಹಚ್ತಾರೆ.

ನಾವು: ಹಾಗಾದರೆ ನಿಮ್ಮ ಕಡೆ ಥರ್ಮೋಸ್ಟಾಟಿಗೆ ಬೆಲೆಯೇ ಇಲ್ಲ ಅನ್ನಿ.

ಕರೆಂಟ್ ಗೀಸರ್: ಛೆ, ಸರ್ಕಾರದ್ದೇ ಒಂದಿದೆಯಲ್ಲ! 2014ರ ಆದೇಶ. ಅಕ್ಟೋಬರ್ 15ಕ್ಕೆ ನಮ್ಮ ಜಾಯಕವಾಡಿ ಅಣೆಕಟ್ಟಿನಲ್ಲಿ ನೀರು ಶೇ 65ಕ್ಕಿಂತ ಕೆಳಗಿದ್ದರೆ, ಮೇಲಿನ ನಾಸಿಕ್, ಅಹಿಲ್ಯಾನಗರದ ಅಣೆಕಟ್ಟುಗಳಿಂದ ಬಿಡಬೇಕು ಅಂತ. ಇಳಿದರೆ ಆನ್. ನಮ್ಮ ಕಂಪನಿಯವರೂ ಇಷ್ಟು ಚೊಕ್ಕದ್ದು ಮಾಡಲಾರರು.

ಗ್ಯಾಸ್ ಗೀಸರ್: ಅದೇನೋ ಸರಿ ತಮ್ಮಾ, ನಮ್ಮ ದ್ರಾಕ್ಷಿಗೆ ನೀರು ಬೇಡವಾ? ಕೋರ್ಟಿಗೆ ಹೋಗ್ತೀವಿ!

ಕರೆಂಟ್ ಗೀಸರ್: ನೋಡಿದಿರಾ? ಟ್ರಿಪ್ ಆಯ್ತು.

(ಕರೆ ಕಡಿಯಿತು. ಅಲ್ಲಿ ಟ್ಯಾಂಕರ್ ಬಂದಿರಬೇಕು.)

ನಾವು: ನಿಮ್ಮನ್ನೂ ಡೈರೆಕ್ಟ್ ಮಾಡಿದ್ದಾರೆಯೇ?

ಗೀಸರ್: ಇಪ್ಪತ್ತು ನಿಮಿಷಕ್ಕೆ ನಾನಾಗಿ ಆರ್ತೀನಲ್ಲ, ಆ ಟೈಮರ್ ತೆಗೆಸಬೇಕು ಅಂತ ಒಮ್ಮೆ ಮಾತಾಡಿಕೊಂಡರು. ನನ್ನನ್ನ ನೇತುಹಾಕಬೇಕಾದದ್ದು ಬಚ್ಚಲ ಹೊರಗೆ. ಪೈಪು ಉಳೀತದೆ ಅಂತ ಒಳಗೇ ಹಾಕಿದರು. ಗ್ಯಾಸ್ ಸೋರಿದರೆ ನಾರುತ್ತೆ, ಅದಕ್ಕಂತಲೇ ವಾಸನೆ ಬೆರೆಸಿರ್ತಾರೆ. ಗಾಳಿ ಸಾಲದೆ ನಾನು ಉರಿದಾಗ ಹುಟ್ಟೋ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ಆಮೇಲೆ ಹೊರಗಿನವರು ಬಾಗಿಲು ಒಡೀಬೇಕು. ನನ್ನ ನೀಲಿ ಉರಿ ಹಳದಿಗೆ ತಿರುಗಿ ಎಷ್ಟೋ ದಿನ ಆಯ್ತು. 'ದೀಪದ ಹಾಗೆ ಎಷ್ಟು ಚಂದ' ಅಂತಾರೆ ರಾಯರು.

ನಾವು: ಮೇಲೆ ಗವಾಕ್ಷಿ ಇದೆಯಲ್ಲ?

ಗೀಸರ್: ಇದೆ. ಚಳಿ ಗಾಳಿ ಬರುತ್ತೆ ಅಂತ ಕಾಗದ ತುರುಕಿದ್ದಾರೆ. ಎಳೆದು ನೋಡಿ, ನಿಮ್ಮ ಪತ್ರಿಕೆಯದೇ ಹಳೇ ಸಂಚಿಕೆ. ಬಿಸಿನೀರ ಸ್ನಾನದ ಲಾಭಗಳ ಬಗ್ಗೆ ನಾಲ್ಕು ಪುಟ ಬರೆದಿದ್ದೀರಿ.